ಉತ್ತರವನ್ನಲ್ಲ, ನಡೆಯುತ್ತಿರುವ ಕೆಲಸವನ್ನೇ ಕ್ಯಾಶ್‌ನಲ್ಲಿಡಿ

ಪ್ರಶ್ನೆ: ನಮ್ಮ ಅಪ್ಲಿಕೇಶನ್ನಿನ ಸರ್ವರ್ ನೋಡ್‌ಜೆಎಸ್‌ನಲ್ಲಿದೆ. ಐಡಿ ಕೊಟ್ಟರೆ ಡೇಟಾಬೇಸಿನಿಂದ ಆ ವಸ್ತುವಿನ ವಿವರ ತರುವ ಒಂದು ಅಸಿಂಕ್ ಫಂಕ್ಷನ್ (ಉತ್ತರಕ್ಕೆ ಕಾಯುವಾಗ ಬೇರೆ ಕೆಲಸಗಳಿಗೆ ಜಾಗ ಬಿಡುವಂಥದ್ದು) ಇದೆ. ಅದರ ಉತ್ತರವನ್ನು ಮರುಬಳಸಲು ಒಂದು ಮ್ಯಾಪ್‌ನಲ್ಲಿ (ಕೀ ಕೊಟ್ಟರೆ ಮೌಲ್ಯ ಸಿಗುವ ಪಟ್ಟಿಯಲ್ಲಿ) ಇಟ್ಟುಕೊಳ್ಳುವಂತೆ, ಅಂದರೆ ಕ್ಯಾಶ್ ಆಗುವಂತೆ, ಮಾಡಿದ್ದೇನೆ: ಮ್ಯಾಪ್‌ನಲ್ಲಿದ್ದರೆ ಅದನ್ನೇ ಕೊಡುತ್ತದೆ, ಇಲ್ಲದಿದ್ದರೆ ತಂದು, ಇಟ್ಟು, ಕೊಡುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತದೆ. ಲೋಡ್ ಟೆಸ್ಟ್ ಮಾಡಿದಾಗ ಮಾತ್ರ ಒಂದೇ ಐಡಿಯ ಕ್ವೆರಿ ನೂರಾರು ಸಲ ಡೇಟಾಬೇಸಿಗೆ ಹೋಗಿರುವುದು ಲಾಗ್‌ನಲ್ಲಿ ಕಾಣುತ್ತದೆ. ಇದೇ ಕೆಲಸವನ್ನು ನನ್ನ ಸಹೋದ್ಯೋಗಿಯೊಬ್ಬರು ಪೈಥಾನ್‌ನಲ್ಲಿ ಎಲ್‌ಆರ್‌ಯು ಕ್ಯಾಶ್ ಡೆಕೊರೇಟರ್ (ಫಂಕ್ಷನ್ನಿನ ಉತ್ತರಗಳನ್ನು ತಾನಾಗಿ ನೆನಪಿಡುವ ಹೊದಿಕೆ) ಹಾಕಿ ಮಾಡಲು ಹೋದರೆ ಎರಡನೆಯ ಕರೆಗೇ ರನ್‌ಟೈಮ್ ಎರರ್ ಬರುತ್ತಿದೆ. ಅಸಿಂಕ್ ಫಂಕ್ಷನ್ನನ್ನು ಕ್ಯಾಶ್ ಮಾಡುವ ಸರಿಯಾದ ದಾರಿ ಯಾವುದು?

ಉತ್ತರ: ನಿಮ್ಮಿಬ್ಬರ ತೊಂದರೆ ಬೇರೆ ಬೇರೆಯಾಗಿ ಕಂಡರೂ ಬೇರು ಒಂದೇ. ಮೊದಲು ನಿಮ್ಮದನ್ನು ನೋಡೋಣ.

ನಿಮ್ಮ ಕ್ವೆರಿಗೆ 80 ಮಿಲಿಸೆಕೆಂಡ್ ಬೇಕು ಅಂದುಕೊಳ್ಳಿ. ಮೊದಲ ರಿಕ್ವೆಸ್ಟ್ ಬರುತ್ತದೆ, ಮ್ಯಾಪ್ ನೋಡುತ್ತದೆ, ಖಾಲಿ. ಕ್ವೆರಿ ಕಳಿಸಿ ಅವೈಟ್, ಅಂದರೆ ಉತ್ತರಕ್ಕೆ ಕಾಯುತ್ತೇನೆ, ಎನ್ನುತ್ತದೆ. ಅವೈಟ್ ಅಂದ ಗಳಿಗೆಯಲ್ಲೇ ಆ ಫಂಕ್ಷನ್ ಪಕ್ಕಕ್ಕೆ ಸರಿದು, ಕೆಲಸಗಳನ್ನು ಸರದಿಯಂತೆ ಓಡಿಸುವ ಈವೆಂಟ್ ಲೂಪಿಗೆ ಜಾಗ ಬಿಡುತ್ತದೆ. ಮರು ಮಿಲಿಸೆಕೆಂಡಿನಲ್ಲಿ ಎರಡನೆಯ ರಿಕ್ವೆಸ್ಟ್ ಬರುತ್ತದೆ, ಅದೂ ಮ್ಯಾಪ್ ನೋಡುತ್ತದೆ, ಇನ್ನೂ ಖಾಲಿ. ಏಕೆಂದರೆ ಮ್ಯಾಪಿಗೆ ಬರೆಯುವ ಸಾಲು ಅವೈಟಿನ ಆಚೆ ದಡದಲ್ಲಿದೆ, ಮೊದಲನೆಯವರು ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಎರಡನೆಯವರೂ ಕ್ವೆರಿ ಕಳಿಸುತ್ತಾರೆ. ಮಿಲಿಸೆಕೆಂಡಿಗೆ 5 ರಿಕ್ವೆಸ್ಟಿನಂತೆ ಬರುತ್ತಿದ್ದರೆ ಮೊದಲ ಉತ್ತರ ಕೈಗೆ ಸಿಗುವಷ್ಟರಲ್ಲಿ 400 ಕ್ವೆರಿಗಳು ಹೊರಟಾಗಿದೆ. ಅಷ್ಟೇ ಅಲ್ಲ. 400 ಕ್ವೆರಿ ಒಟ್ಟಿಗೆ ಬಿದ್ದರೆ ಡೇಟಾಬೇಸ್ ನಿಧಾನವಾಗುತ್ತದೆ, 80 ಇದ್ದದ್ದು 300 ಆಗುತ್ತದೆ, ಆ ಹೆಚ್ಚಿನ ಹೊತ್ತಿನಲ್ಲಿ ಇನ್ನೂ ಸಾವಿರಕ್ಕೂ ಹೆಚ್ಚು ರಿಕ್ವೆಸ್ಟ್‌ಗಳು ಖಾಲಿ ಮ್ಯಾಪನ್ನೇ ಕಾಣುತ್ತವೆ. ಕ್ಯಾಶ್ ಯಾವ ಹೊತ್ತಿನಲ್ಲಿ ಕೈ ಹಿಡಿಯಬೇಕಿತ್ತೋ ಅದೇ ಹೊತ್ತಿನಲ್ಲಿ ಕೈ ಬಿಡುತ್ತದೆ. ಇದಕ್ಕೆ ಕ್ಯಾಶ್ ಸ್ಟ್ಯಾಂಪೀಡ್ ಎಂಬ ಹೆಸರಿದೆ. ಲ್ಯಾಪ್‌ಟಾಪಿನಲ್ಲಿ ನೀವೊಬ್ಬರೇ ಒಂದಾದ ಮೇಲೊಂದು ರಿಕ್ವೆಸ್ಟ್ ಕಳಿಸುತ್ತೀರಿ, ಹಾಗಾಗಿ ಈ ಸಂದು ಅಲ್ಲಿ ತೆರೆದುಕೊಳ್ಳುವುದೇ ಇಲ್ಲ.

ಫಂಕ್ಷನ್ನಿನ ಉತ್ತರವನ್ನು ನೆನಪಿಟ್ಟು ಮರುಬಳಸುವ ವಿಚಾರ ಹಳೆಯದು. ಡೊನಾಲ್ಡ್ ಮಿಕಿ 1968ರಲ್ಲಿ ನೇಚರ್ ಪತ್ರಿಕೆಯಲ್ಲಿ ಮೆಮೊ ಫಂಕ್ಷನ್ ಎಂದು ಇದನ್ನು ವಿವರಿಸಿದರು, ಮೆಮೊಯ್ಸೇಶನ್ ಎಂಬ ಪದ ಬಂದದ್ದು ಅಲ್ಲಿಂದಲೇ. ಸಾಮಾನ್ಯ ಮೆಮೊಯ್ಸೇಶನ್ ಒಂದು ಮಾತನ್ನು ನಂಬಿಕೊಂಡು ನಡೆಯುತ್ತದೆ: ಫಂಕ್ಷನ್ ಮುಗಿದಾಗ ಉತ್ತರ ಕೈಯಲ್ಲಿರುತ್ತದೆ. ಅಸಿಂಕ್ ಫಂಕ್ಷನ್ ಹಾಗಲ್ಲ. ಅದು ಕರೆದ ತಕ್ಷಣ ಹಿಂತಿರುಗುತ್ತದೆ, ಕೈಗೆ ಕೊಡುವುದು ಉತ್ತರವನ್ನಲ್ಲ, ಉತ್ತರ ಬಂದಾಗ ಪಡೆದುಕೊಳ್ಳಲು ಒಂದು ಚೀಟಿಯನ್ನು. ಜಾವಾಸ್ಕ್ರಿಪ್ಟ್‌ನಲ್ಲಿ ಆ ಚೀಟಿಯ ಹೆಸರು ಪ್ರಾಮಿಸ್.

ಹಾಗಾದರೆ ಚೀಟಿಯನ್ನೇ ಮ್ಯಾಪ್‌ನಲ್ಲಿಡಿ. ನಿಮ್ಮ ಕೋಡಿನಲ್ಲಿ ಬದಲಾಗಬೇಕಾದದ್ದು ಹೆಚ್ಚೇನಿಲ್ಲ: ಡೇಟಾಬೇಸ್ ಕರೆಯುವ ಸಾಲಿನಿಂದ ಅವೈಟ್ ಪದವನ್ನು ತೆಗೆದು, ಬಂದ ಪ್ರಾಮಿಸನ್ನು ಆ ಕೂಡಲೇ ಮ್ಯಾಪಿಗೆ ಹಾಕಿ, ಅದನ್ನೇ ಹಿಂತಿರುಗಿಸಿ. ಈಗ ಎರಡನೆಯ ರಿಕ್ವೆಸ್ಟ್ ಬಂದಾಗ ಮ್ಯಾಪ್‌ನಲ್ಲಿ ಉತ್ತರ ಇರುವುದಿಲ್ಲ, ನಿಜ, ಆದರೆ ಕೆಲಸ ಶುರುವಾಗಿದೆ ಎಂಬ ಚೀಟಿ ಇರುತ್ತದೆ. ಅದೂ ಅದೇ ಪ್ರಾಮಿಸನ್ನು ಕಾಯುತ್ತದೆ. ಒಂದು ಪ್ರಾಮಿಸನ್ನು ಎಷ್ಟು ಜನ ಬೇಕಾದರೂ, ಎಷ್ಟು ಸಲ ಬೇಕಾದರೂ ಅವೈಟ್ ಮಾಡಬಹುದು. 400 ರಿಕ್ವೆಸ್ಟ್‌ಗಳಿಗೆ ಒಂದೇ ಕ್ವೆರಿ. ಇದಕ್ಕೆ ಲಾಕ್ (ಒಮ್ಮೆಗೆ ಒಬ್ಬರನ್ನೇ ಒಳಬಿಡುವ ಬೀಗ) ಬೇಡವೇ ಎಂದು ಕೆಲವರು ಕೇಳುತ್ತಾರೆ. ಜಾವಾಸ್ಕ್ರಿಪ್ಟ್ ಕೋಡ್ ಒಂದೇ ಥ್ರೆಡ್ಡಿನಲ್ಲಿ ಓಡುವುದರಿಂದ, ಮ್ಯಾಪ್ ನೋಡಿದ್ದಕ್ಕೂ ಮ್ಯಾಪಿಗೆ ಬರೆದದ್ದಕ್ಕೂ ನಡುವೆ ಅವೈಟ್ ಇಲ್ಲದಿದ್ದರೆ ಬೇರೆ ಯಾವ ರಿಕ್ವೆಸ್ಟೂ ನಡುವೆ ನುಸುಳಲಾರದು. ಈ ಎರಡು ಸಾಲುಗಳ ನಡುವೆ ಮುಂದೆ ಯಾರೂ ಅವೈಟ್ ತಂದು ಕೂರಿಸದಿರಲಿ ಎಂದು ಅಲ್ಲೇ ಒಂದು ಕಾಮೆಂಟ್ ಬರೆದಿಡಿ. ಆರು ತಿಂಗಳ ಮೇಲೆ ಯಾರೋ ಒಳ್ಳೆಯ ಮನಸ್ಸಿನಿಂದಲೇ ಅಲ್ಲಿ ಒಂದು ಅನುಮತಿ ಪರೀಕ್ಷೆಯನ್ನು ಅವೈಟ್ ಸಮೇತ ಸೇರಿಸಿಬಿಡುತ್ತಾರೆ, ಹಳೆಯ ಕಾಯಿಲೆ ಸದ್ದಿಲ್ಲದೆ ಮರಳುತ್ತದೆ.

ಇನ್ನು ನಿಮ್ಮ ಸಹೋದ್ಯೋಗಿಯ ಪೈಥಾನ್. ಅಲ್ಲಿ ಅಸಿಂಕ್ ಫಂಕ್ಷನ್ ಕರೆದರೆ ಸಿಗುವುದು ಕೊರುಟೀನ್. ಅದು ಇನ್ನೂ ಶುರುವೇ ಆಗದ ಕೆಲಸ, ಮತ್ತು ಅದನ್ನು ಒಂದೇ ಒಂದು ಸಲ ಅವೈಟ್ ಮಾಡಬಹುದು. ಎಲ್‌ಆರ್‌ಯು ಕ್ಯಾಶ್ ಬಂದದ್ದು ಪೈಥಾನ್ 3.2ರಲ್ಲಿ, 2011ರ ಹೊತ್ತಿಗೆ. ಅಸಿಂಕ್ ಮತ್ತು ಅವೈಟ್ ಪದಗಳು ಭಾಷೆಗೆ ಬಂದದ್ದು 3.5ರಲ್ಲಿ, 2015ರಲ್ಲಿ. ಆ ಡೆಕೊರೇಟರಿಗೆ ಅಸಿಂಕ್ ಎಂದರೇನೆಂದು ಗೊತ್ತಿಲ್ಲ, ಕೈಗೆ ಬಂದ ಕೊರುಟೀನನ್ನು ಹಾಗೇ ಎತ್ತಿಡುತ್ತದೆ. ಮೊದಲ ಕರೆ ಅದನ್ನು ಬಳಸಿ ಮುಗಿಸುತ್ತದೆ, ಎರಡನೆಯ ಕರೆಗೆ ಸಿಗುವುದು ಬಳಸಿ ಮುಗಿದ ಕೊರುಟೀನ್. ಹಾಗಾಗಿ ಆ ಎರರ್. ಅವರು ಕೊರುಟೀನನ್ನು ಪೈಥಾನ್‌ನದೇ ಅಸಿಂಕ್ ಲೈಬ್ರರಿಯಾದ ಅಸಿಂಕ್‌ಐಒದ ಕ್ರಿಯೇಟ್ ಟಾಸ್ಕಿಗೆ ಕೊಟ್ಟು, ಬರುವ ಟಾಸ್ಕನ್ನು ಡಿಕ್ಷನರಿಯಲ್ಲಿ ಇಡಬೇಕು. ಟಾಸ್ಕನ್ನು ಪ್ರಾಮಿಸಿನಂತೆ ಎಷ್ಟು ಸಲ ಬೇಕಾದರೂ ಅವೈಟ್ ಮಾಡಬಹುದು. ಒಂದು ಎಚ್ಚರ: ಟಾಸ್ಕ್ ಒಂದು ಈವೆಂಟ್ ಲೂಪಿಗೆ ಕಟ್ಟಿಬಿದ್ದಿರುತ್ತದೆ. ಪ್ರತಿ ಟೆಸ್ಟಿಗೂ ಹೊಸ ಲೂಪ್ ತೆರೆಯುವ ಟೆಸ್ಟ್ ಫ್ರೇಮ್‌ವರ್ಕ್ ಬಳಸುತ್ತಿದ್ದು, ಕ್ಯಾಶ್ ಗ್ಲೋಬಲ್ ಆಗಿದ್ದರೆ, ಒಂದು ಟೆಸ್ಟಿನ ಟಾಸ್ಕ್ ಇನ್ನೊಂದಕ್ಕೆ ಸಿಕ್ಕು ವಿಚಿತ್ರ ಎರರ್‌ಗಳು ಬರುತ್ತವೆ. ಪ್ರತಿ ಟೆಸ್ಟಿನ ಕೊನೆಗೂ ಕ್ಯಾಶ್ ಖಾಲಿ ಮಾಡಿ.

ಬೇರೆ ಭಾಷೆಗಳಲ್ಲೂ ಇದೇ ಕಥೆ, ಪಾತ್ರಗಳ ಹೆಸರು ಬೇರೆ. ಸಿ ಶಾರ್ಪ್‌ನಲ್ಲಿ ಟಾಸ್ಕನ್ನು ಹಲವು ಸಲ ಕಾಯಬಹುದು, ವ್ಯಾಲ್ಯೂಟಾಸ್ಕನ್ನು ಒಂದೇ ಸಲ. ಅಲ್ಲಿಯ ಕಾನ್‌ಕರೆಂಟ್ ಡಿಕ್ಷನರಿಯ ಗೆಟ್‌ಆರ್‌ಆಡ್ ನಾವು ಕೊಟ್ಟ ಫಂಕ್ಷನ್ನನ್ನು ಏಕಕಾಲಕ್ಕೆ ಹಲವು ಥ್ರೆಡ್‌ಗಳಲ್ಲಿ ಓಡಿಸಿಬಿಡಬಹುದು, ಆದ್ದರಿಂದ ಟಾಸ್ಕನ್ನು ಲೇಜಿಯೊಳಗೆ (ಮೊದಲ ಸಲ ಕೇಳಿದಾಗ ಮಾತ್ರ ಕೆಲಸ ಶುರು ಮಾಡುವ ಹೊದಿಕೆ) ಸುತ್ತಿ ಇಡುವುದು ರೂಢಿ. ಗೋ ಭಾಷೆಯವರಿಗೆ, ಒಂದೇ ಕೀಗೆ ಏಕಕಾಲಕ್ಕೆ ಬಂದ ಕರೆಗಳನ್ನು ಒಂದಾಗಿಸುವ ಸಿಂಗಲ್‌ಫ್ಲೈಟ್ ಪ್ಯಾಕೇಜ್ ಇದೆ. ಜಾವಾದಲ್ಲಿ ಕೆಫೀನ್ ಲೈಬ್ರರಿಯ ಅಸಿಂಕ್ ಕ್ಯಾಶ್ ಬಳಸಿದರೆ ನಾನು ಮುಂದೆ ಹೇಳುವ ಹಲವು ಕೆಲಸಗಳು ಮಾಡಿಟ್ಟೇ ಇರುತ್ತವೆ.

ಇಷ್ಟಕ್ಕೆ ನಿಮ್ಮ ಲೋಡ್ ಟೆಸ್ಟ್ ಪಾಸಾಗುತ್ತದೆ. ದಯವಿಟ್ಟು ಅಲ್ಲಿಗೆ ನಿಲ್ಲಿಸಬೇಡಿ. ಬಂದ ಉತ್ತರ ಒಂದು ಜಡ ವಸ್ತು, ಇಟ್ಟಲ್ಲಿ ಇರುತ್ತದೆ. ಪ್ರಾಮಿಸ್ ಹಾಗಲ್ಲ, ಅದು ಸೋಲಬಹುದು, ಮುಗಿಯದೇ ಇರಬಹುದು, ಮುಗಿಯುವಷ್ಟರಲ್ಲಿ ಹಳಸಿರಬಹುದು.

ಸೋಲಿನಿಂದ ಶುರು ಮಾಡುತ್ತೇನೆ, ಏಕೆಂದರೆ ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಹಿಂದೆ ನಾನಿದ್ದ ಒಂದು ತಂಡದಲ್ಲಿ ಇನ್ನೊಂದು ಸೇವೆಯ ಆಕ್ಸೆಸ್ ಟೋಕನ್ (ಆ ಸೇವೆ ಬಳಸಲು ತೋರಿಸಬೇಕಾದ ಗುರುತು) ತರುವ ಫಂಕ್ಷನ್ನಿಗೆ ಹೀಗೇ ಪ್ರಾಮಿಸ್ ಕ್ಯಾಶ್ ಬರೆದೆ. ಒಂದು ಬೆಳಗಿನ ಜಾವ ಆ ಸೇವೆ ಕೆಲವೇ ಸೆಕೆಂಡ್ ಕೆಟ್ಟು ನಿಂತು ಮತ್ತೆ ಎದ್ದಿತು. ನಮ್ಮ ಸರ್ವರ್‌ಗಳಲ್ಲಿ ಒಂದು ಮಾತ್ರ ಏಳಲಿಲ್ಲ. ಆ ಕೆಲವು ಸೆಕೆಂಡ್‌ಗಳಲ್ಲೇ ಅದು ಟೋಕನ್ ಕೇಳಿತ್ತು, ಸೋತ ಪ್ರಾಮಿಸ್ ಮ್ಯಾಪ್‌ನಲ್ಲಿ ಕೂತಿತ್ತು, ಆಮೇಲೆ ಬಂದ ಪ್ರತಿ ರಿಕ್ವೆಸ್ಟಿಗೂ ಅದೇ ಸೋಲನ್ನು ಹಂಚುತ್ತಿತ್ತು. ಲಾಗ್‌ನಲ್ಲಿ ನೆಟ್‌ವರ್ಕ್ ಎರರ್ ಎಂದು ಬರುತ್ತಿದ್ದರಿಂದ ನಾವು ಎರಡು ಗಂಟೆ ನೆಟ್‌ವರ್ಕನ್ನೇ ತಡಕಾಡಿದೆವು. ಎರರಿನ ಸ್ಟ್ಯಾಕ್ ಟ್ರೇಸ್ ಎಲ್ಲ ಕಡೆ ಒಂದೇ ಆಗಿತ್ತು, ಒಳಗಿದ್ದ ಹೊತ್ತಿನ ಗುರುತು ಕೂಡ ಬೆಳಗಿನ ಜಾವದ್ದೇ. ಅದು ಕಣ್ಣಿಗೆ ಬಿದ್ದ ಮೇಲಷ್ಟೇ ತಪ್ಪು ನನ್ನ ಕ್ಯಾಶಿನದು ಎಂದು ಹೊಳೆದದ್ದು. ಪ್ರೊಸೆಸ್ ರೀಸ್ಟಾರ್ಟ್ ಮಾಡಿದೊಡನೆ ಎಲ್ಲ ಸರಿಹೋಯಿತು.

ಆದ್ದರಿಂದ ಪ್ರಾಮಿಸ್ ಸೋತರೆ ಅದನ್ನು ಮ್ಯಾಪಿನಿಂದ ತೆಗೆಯಬೇಕು. ಇದನ್ನು ಬರೆಯುವಾಗ ನೋಡ್‌ನಲ್ಲಿ ಒಂದು ಗುಂಡಿ ಇದೆ. ಗೆದ್ದರೂ ಸೋತರೂ ತೆಗೆದುಬಿಡೋಣ ಎಂದು ಪ್ರಾಮಿಸಿನ ಮೇಲೆ ಫೈನಲಿ ಕರೆದು ಅದರೊಳಗೆ ಮ್ಯಾಪಿನಿಂದ ಅಳಿಸುವುದು ಬಹಳ ಜನರ ಅಭ್ಯಾಸ. ಫೈನಲಿ ಒಂದು ಹೊಸ ಪ್ರಾಮಿಸನ್ನು ಹುಟ್ಟಿಸುತ್ತದೆ. ಮೂಲ ಪ್ರಾಮಿಸ್ ಸೋತರೆ ಇದೂ ಸೋಲುತ್ತದೆ. ಮೂಲದ ಸೋಲನ್ನು ಕರೆದವರು ಟ್ರೈ ಕ್ಯಾಚ್ ಹಾಕಿ ಹಿಡಿಯುತ್ತಾರೆ, ಈ ಹೊಸದರ ಸೋಲನ್ನು ಹಿಡಿಯುವವರು ಯಾರೂ ಇಲ್ಲ. 2020ರಲ್ಲಿ ಬಂದ ನೋಡ್ 15ರಿಂದೀಚೆಗೆ ಹೀಗೆ ಯಾರೂ ಹಿಡಿಯದ ಸೋಲು ಇಡೀ ಪ್ರೊಸೆಸನ್ನೇ ಕೊನೆಗೊಳಿಸುತ್ತದೆ. ಅಂದರೆ ಅಳಿಸಲೆಂದು ಬರೆದ ಒಂದು ಸಾಲಿನಿಂದ ಸರ್ವರ್ ಬೀಳುತ್ತದೆ. ಅಳಿಸುವ ಕೆಲಸವನ್ನು ಪಕ್ಕದಲ್ಲಿ ಕವಲು ಮಾಡಿ ನೇತುಹಾಕಬೇಡಿ. ಸರಪಳಿಯೊಳಗೇ ಸೇರಿಸಿ, ಆ ಸರಪಳಿಯ ಕೊನೆಯ ಪ್ರಾಮಿಸನ್ನೇ ಮ್ಯಾಪ್‌ನಲ್ಲಿಡಿ, ಅದನ್ನೇ ಎಲ್ಲರಿಗೂ ಕೊಡಿ. ಆಗ ಅನಾಥವಾಗಿ ಉಳಿಯುವ ಪ್ರಾಮಿಸ್ ಇರುವುದಿಲ್ಲ.

ಸೋಲು ಎಂದರೆ ಯಾವುದು ಎಂಬುದನ್ನೂ ಕೂತು ಯೋಚಿಸಬೇಕು. ಈ ಐಡಿಯ ವಸ್ತುವೇ ಇಲ್ಲ ಎಂದು ಡೇಟಾಬೇಸ್ ಹೇಳಿದರೆ ಅದು ಉತ್ತರ. ಬೇರೆ ಉತ್ತರಗಳಂತೆ ಅದನ್ನೂ ಇಟ್ಟುಕೊಳ್ಳಬಹುದು, ಇನ್ನೂ ಸ್ವಲ್ಪ ಕಡಿಮೆ ಹೊತ್ತಿಗೆ. ಡೇಟಾಬೇಸನ್ನು ಮುಟ್ಟಲೇ ಆಗಲಿಲ್ಲ ಎಂದರೆ ಅದು ಸೋಲು. ಇವೆರಡನ್ನೂ ಒಂದೇ ಎಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ 2010ರ ಸೆಪ್ಟೆಂಬರ್ 23ರಂದು ಫೇಸ್‌ಬುಕ್ ಸುಮಾರು ಎರಡೂವರೆ ಗಂಟೆ ನಿಂತುಹೋದದ್ದಕ್ಕಿಂತ ಸ್ಪಷ್ಟ ಪಾಠ ನನಗೆ ಸಿಕ್ಕಿಲ್ಲ. ಒಂದು ಸಂರಚನಾ ಮೌಲ್ಯ ತಪ್ಪಾಗಿತ್ತು. ಕ್ಯಾಶ್‌ನಲ್ಲಿರುವ ಮೌಲ್ಯ ಕೆಟ್ಟಿದ್ದರೆ ಡೇಟಾಬೇಸಿನಿಂದ ಸರಿಯಾದದ್ದನ್ನು ತಂದು ಹಾಕುವ ವ್ಯವಸ್ಥೆ ಎಲ್ಲ ಕ್ಲೈಂಟ್‌ಗಳಲ್ಲೂ ಇತ್ತು, ಎಲ್ಲವೂ ಒಮ್ಮೆಗೇ ಡೇಟಾಬೇಸಿನತ್ತ ಧಾವಿಸಿದವು. ಸೆಕೆಂಡಿಗೆ ಲಕ್ಷಗಟ್ಟಲೆ ಕ್ವೆರಿ. ತಾಳಲಾರದೆ ಡೇಟಾಬೇಸ್ ಎರರ್ ಕೊಡತೊಡಗಿತು. ಕ್ಲೈಂಟ್‌ಗಳು ಆ ಎರರನ್ನೂ ಕೆಟ್ಟ ಮೌಲ್ಯವೆಂದೇ ತಿಳಿದು ಕ್ಯಾಶ್‌ನಲ್ಲಿದ್ದ ಕೀಯನ್ನು ಅಳಿಸಿದವು. ಅಳಿಸಿದ್ದರಿಂದ ಇನ್ನಷ್ಟು ಕ್ವೆರಿ, ಅದರಿಂದ ಇನ್ನಷ್ಟು ಎರರ್. ಮೂಲ ತಪ್ಪನ್ನು ಸರಿಮಾಡಿದ ಮೇಲೂ ಈ ಚಕ್ರ ನಿಲ್ಲಲಿಲ್ಲ. ಡೇಟಾಬೇಸಿಗೆ ಹೋಗುವ ದಟ್ಟಣೆಯನ್ನೆಲ್ಲ ನಿಲ್ಲಿಸಬೇಕಾಯಿತು, ಅಂದರೆ ಸೈಟನ್ನೇ ಮುಚ್ಚಬೇಕಾಯಿತು.

ನಿಮ್ಮ ಕೋಡಿಗೆ ಇದರಿಂದ ತೆಗೆದುಕೊಳ್ಳಬೇಕಾದ ಮಾತು: ಹೊಸ ಉತ್ತರ ತರುವುದು ಸೋತಿತೆಂದು ಕೈಯಲ್ಲಿರುವ ಹಳೆಯ ಉತ್ತರವನ್ನು ಎಸೆಯಬೇಡಿ. ಜೊತೆಗೆ, ಸೋತ ಕೂಡಲೇ ಮುಂದಿನ ರಿಕ್ವೆಸ್ಟ್ ಮತ್ತೆ ಕ್ವೆರಿ ಕಳಿಸಲು ಬಿಟ್ಟರೆ, ಬಿದ್ದಿರುವ ಡೇಟಾಬೇಸಿನ ಮೇಲೆ ಮತ್ತೆ ಮತ್ತೆ ಬಡಿದಂತಾಗುತ್ತದೆ. ಸೋಲನ್ನು ಒಂದೆರಡು ಸೆಕೆಂಡ್ ಮಾತ್ರ ನೆನಪಿಟ್ಟುಕೊಂಡು ಆಮೇಲೆ ಮರೆಯುವುದು ನನಗೆ ಸರಿ ಕಾಣುವ ನಡುದಾರಿ.

ಇಲ್ಲಿಗೆ ಬಂದಾಗ ಒಂದು ಮ್ಯಾಪ್ ಸಾಲದು ಎಂದು ತೋರುತ್ತದೆ. ನಾನು ಈಗ ಯಾವಾಗಲೂ ಎರಡು ಮ್ಯಾಪ್ ಇಡುತ್ತೇನೆ: ನಡೆಯುತ್ತಿರುವ ಕೆಲಸಗಳದ್ದು ಒಂದು, ಬಂದ ಉತ್ತರಗಳದ್ದು ಇನ್ನೊಂದು. ಮೊದಲನೆಯದರಲ್ಲಿ ಪ್ರಾಮಿಸ್‌ಗಳು, ಕೆಲಸ ಗೆಲ್ಲಲಿ ಸೋಲಲಿ, ಮುಗಿದೊಡನೆ ಅಲ್ಲಿಂದ ಹೊರಗೆ. ಎರಡನೆಯದರಲ್ಲಿ ಗೆದ್ದ ಉತ್ತರಗಳು, ಪ್ರತಿಯೊಂದಕ್ಕೂ ಅವಧಿಯ ಸಮಯ. ಅವಧಿಯ ಲೆಕ್ಕ ಉತ್ತರ ಬಂದ ಗಳಿಗೆಯಿಂದ ಶುರುವಾಗಲಿ, ಕೆಲಸ ಹೊರಟ ಗಳಿಗೆಯಿಂದಲ್ಲ. ಇಲ್ಲದಿದ್ದರೆ 5 ಸೆಕೆಂಡ್ ಅವಧಿಯ ಕ್ಯಾಶ್‌ನಲ್ಲಿ 6 ಸೆಕೆಂಡ್ ಹಿಡಿದ ಕ್ವೆರಿಯ ಉತ್ತರ ಹುಟ್ಟುವಾಗಲೇ ಸತ್ತಿರುತ್ತದೆ.

ಎರಡು ಮ್ಯಾಪಿನ ನಿಜವಾದ ಬೆಲೆ ತಿಳಿಯುವುದು ಕ್ಯಾಶನ್ನು ಅಳಿಸಬೇಕಾದಾಗ. ಈ ದೋಷ ಅಪರೂಪಕ್ಕೆ ಕಾಣಿಸುತ್ತದೆ, ಕಂಡಾಗ ಯಾರಿಗೂ ಅರ್ಥವಾಗುವುದಿಲ್ಲ, ಹಾಗಾಗಿ ಮಿಲಿಸೆಕೆಂಡ್ ಲೆಕ್ಕದಲ್ಲೇ ಬಿಡಿಸಿ ಹೇಳುತ್ತೇನೆ. ಸೊನ್ನೆಯಲ್ಲಿ ಒಂದು ಓದುವ ಕ್ವೆರಿ ಹೊರಟಿತು. 20ರಲ್ಲಿ ಡೇಟಾಬೇಸ್ ಹಳೆಯ ಮೌಲ್ಯವನ್ನು ಓದಿ ಕಳಿಸಿತು, ಉತ್ತರ ಇನ್ನೂ ದಾರಿಯಲ್ಲಿದೆ. 30ರಲ್ಲಿ ಬೇರೊಬ್ಬರು ಆ ವಸ್ತುವಿನ ವಿವರ ಬದಲಾಯಿಸಿದರು. ನಿಮ್ಮ ಕೋಡ್ ಕರ್ತವ್ಯ ಮರೆಯದೆ ಕ್ಯಾಶ್‌ನಲ್ಲಿದ್ದ ಕೀಯನ್ನು ಅಳಿಸಿತು. ಅಳಿಸಲು ಅಲ್ಲಿ ಏನೂ ಇರಲಿಲ್ಲ, ಏಕೆಂದರೆ ಉತ್ತರ ಇನ್ನೂ ಬಂದೇ ಇಲ್ಲ. 80ರಲ್ಲಿ ಹಳೆಯ ಉತ್ತರ ಬಂದು ಮುಟ್ಟಿತು, ಕ್ಯಾಶ್‌ನಲ್ಲಿ ಆರಾಮಾಗಿ ಕೂತಿತು. ಇನ್ನು ಅವಧಿ ಮುಗಿಯುವ ತನಕ ಎಲ್ಲರಿಗೂ ಹಳೆಯದೇ. ಬಳಕೆದಾರರು ಸೇವ್ ಒತ್ತಿದೆ, ಉಳಿಯಲಿಲ್ಲ ಎಂದು ದೂರುತ್ತಾರೆ, ನೀವು ಡೇಟಾಬೇಸ್ ನೋಡಿದರೆ ಹೊಸ ಮೌಲ್ಯ ಸರಿಯಾಗಿಯೇ ಇರುತ್ತದೆ.

ಪರಿಹಾರ ಹೀಗೆ. ಅಳಿಸುವಾಗ ಎರಡೂ ಮ್ಯಾಪಿನಿಂದ ಅಳಿಸಿ. ಕೆಲಸ ಮುಗಿದು ಬಂದಾಗ, ನಡೆಯುತ್ತಿರುವ ಕೆಲಸಗಳ ಮ್ಯಾಪ್‌ನಲ್ಲಿ ಆ ಕೀಯ ಎದುರು ಈಗಲೂ ಇರುವುದು ಇದೇ ಪ್ರಾಮಿಸೇ ಎಂದು ನೋಡಿ. ಅದೇ ಆಗಿದ್ದರೆ ಮಾತ್ರ ಉತ್ತರವನ್ನು ಎರಡನೆಯ ಮ್ಯಾಪಿಗೆ ಬರೆಯಿರಿ. ಅಲ್ಲಿ ಏನೂ ಇಲ್ಲದಿದ್ದರೆ, ಅಥವಾ ಬೇರೆ ಪ್ರಾಮಿಸ್ ಇದ್ದರೆ, ನಡುವೆ ಯಾರೋ ಅಳಿಸಿದ್ದಾರೆ ಎಂದರ್ಥ. ಕಾಯುತ್ತಿದ್ದವರಿಗೆ ಉತ್ತರ ಕೊಟ್ಟು, ಕ್ಯಾಶಿಗೆ ಬರೆಯದೆ ಸುಮ್ಮನಾಗಿ. ಸೋತಾಗ ಅಳಿಸುವುದಕ್ಕೂ ಇದೇ ನಿಯಮ: ಮ್ಯಾಪ್‌ನಲ್ಲಿರುವುದು ನಿಮ್ಮದೇ ಪ್ರಾಮಿಸ್ ಆಗಿದ್ದರೆ ಮಾತ್ರ ತೆಗೆಯಿರಿ. ಇಲ್ಲದಿದ್ದರೆ ನಿಮ್ಮ ಹಳೆಯ ಸೋಲು ಆಮೇಲೆ ಹೊರಟ ಹೊಸ ಕೆಲಸವನ್ನು ಮ್ಯಾಪಿನಿಂದ ಕಿತ್ತುಹಾಕುತ್ತದೆ.

ಇದು ಒಂದು ಪ್ರೊಸೆಸಿನೊಳಗಿನ ಮಾತು. ಹಲವು ಸರ್ವರ್‌ಗಳು ಮೆಮ್‌ಕ್ಯಾಶ್ ಎಂಬ ಒಂದೇ ಹಂಚಿಕೆಯ ಕ್ಯಾಶ್ ಬಳಸುವಾಗಲೂ ಇದೇ ತೊಂದರೆ, ಇದೇ ಬಗೆಯ ಪರಿಹಾರ. ಫೇಸ್‌ಬುಕ್ ಎಂಜಿನಿಯರ್‌ಗಳು 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಲೀಸ್ ಎಂದು ಕರೆದರು. ಕ್ಯಾಶ್‌ನಲ್ಲಿ ಇಲ್ಲದ ಕೀ ಕೇಳಿದವರಿಗೆ ಒಂದು ಟೋಕನ್ ಸಿಗುತ್ತದೆ, ಆ ಟೋಕನ್ ತೋರಿಸಿದರೆ ಮಾತ್ರ ಬರೆಯಬಹುದು. ನಡುವೆ ಯಾರಾದರೂ ಕೀ ಅಳಿಸಿದರೆ ಟೋಕನ್ ರದ್ದು. ಒಂದು ಕೀಗೆ 10 ಸೆಕೆಂಡಿಗೆ ಒಂದೇ ಟೋಕನ್ ಕೊಡುವುದರಿಂದ ಸ್ಟ್ಯಾಂಪೀಡ್ ಕೂಡ ನಿಲ್ಲುತ್ತದೆ. ಸ್ಟ್ಯಾಂಪೀಡಿಗೆ ಸುಲಭವಾಗಿ ಸಿಗುವ ಕೆಲವು ಕೀಗಳ ಮೇಲೆ ನೋಡಿದಾಗ ಡೇಟಾಬೇಸಿನ ಗರಿಷ್ಠ ಹೊರೆ ಸೆಕೆಂಡಿಗೆ 17,000 ಕ್ವೆರಿಯಿಂದ 1,300ಕ್ಕೆ ಇಳಿಯಿತು ಎಂದು ಅವರು ಬರೆದಿದ್ದಾರೆ.

ನಿಮಗೆ ಅಷ್ಟು ದೂರ ಹೋಗುವ ಅಗತ್ಯ ಸದ್ಯಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಮ್ಮಲ್ಲಿ 8 ನೋಡ್ ಪ್ರೊಸೆಸ್‌ಗಳಿದ್ದರೆ, ಪ್ರತಿಯೊಂದರಲ್ಲೂ ಎರಡು ಮ್ಯಾಪಿನ ಕ್ಯಾಶ್ ಇದ್ದರೆ, ಒಂದು ಕೀಗೆ ಏಕಕಾಲಕ್ಕೆ ಹೋಗುವ ಕ್ವೆರಿ ಹೆಚ್ಚೆಂದರೆ 8. ಬಹುತೇಕ ಡೇಟಾಬೇಸ್‌ಗಳಿಗೆ ಎಂಟು ಲೆಕ್ಕಕ್ಕೇ ಇಲ್ಲ. ಆದರೆ ಒಂದು ಪ್ರೊಸೆಸಿನಲ್ಲಿ ಅಳಿಸಿದ್ದು ಉಳಿದ ಏಳಕ್ಕೆ ಗೊತ್ತಾಗುವುದಿಲ್ಲ, ಹಾಗಾಗಿ ಅವಧಿ ಚಿಕ್ಕದಾಗಿರಲಿ. ಎಲ್ಲ ಕೀಗಳ ಅವಧಿಯೂ ಒಟ್ಟಿಗೆ ಮುಗಿಯದಂತೆ ಪ್ರತಿಯೊಂದಕ್ಕೂ ಸ್ವಲ್ಪ ಹೆಚ್ಚು ಕಡಿಮೆ ಸೇರಿಸಿ. 60 ಸೆಕೆಂಡ್ ಎನ್ನುವ ಬದಲು 54ರಿಂದ 66ರ ನಡುವೆ ಯಾವುದೋ ಒಂದು. ಅವಧಿ ಮುಗಿದ ಉತ್ತರವನ್ನು ಸದ್ಯಕ್ಕೆ ಕೊಟ್ಟು, ಹಿಂದೆಯೇ ಹೊಸದನ್ನು ತರಿಸುವ ಪದ್ಧತಿಯೂ ಇದೆ. ಎಚ್‌ಟಿಟಿಪಿಯಲ್ಲಿ ಇದು ಸ್ಟೇಲ್ ವೈಲ್ ರೀವ್ಯಾಲಿಡೇಟ್ ಎಂಬ ಹೆಸರಿನಲ್ಲಿ 2010ರ ಆರ್‌ಎಫ್‌ಸಿ 5861 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ ಬಂತು. ಸ್ವಲ್ಪ ಹಳೆಯದಾದರೂ ನಡೆಯುತ್ತದೆ ಎನ್ನುವ ವಿವರಗಳಿಗೆ ನಾನು ಇದನ್ನೇ ಆರಿಸುತ್ತೇನೆ, ಬಳಕೆದಾರರು ಯಾರೂ ಕಾಯಬೇಕಾಗುವುದಿಲ್ಲ. ಹಿಂದೆ ಓಡುವ ಆ ಕೆಲಸವನ್ನು ಯಾರೂ ಅವೈಟ್ ಮಾಡುತ್ತಿರುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಅದಕ್ಕೊಂದು ಕ್ಯಾಚ್ ಹಾಕದಿದ್ದರೆ ನೋಡ್ ಮತ್ತೆ ಬೀಳುತ್ತದೆ.

ಮುಗಿಯದ ಕೆಲಸ ಇನ್ನೊಂದು ತಲೆನೋವು. ಕ್ಯಾಶ್ ಇಲ್ಲದಿದ್ದಾಗ ಒಂದು ಕ್ವೆರಿ ಸಿಕ್ಕಿಹಾಕಿಕೊಂಡರೆ ಒಬ್ಬರೇ ಕಾಯುತ್ತಾರೆ. ಪ್ರಾಮಿಸ್ ಹಂಚಿಕೊಂಡ ಮೇಲೆ ಆ ಒಂದು ಕ್ವೆರಿ ಸಿಕ್ಕಿಕೊಂಡರೆ ಎಲ್ಲರೂ ಕಾಯುತ್ತಾರೆ, ಹೊಸದಾಗಿ ಬಂದವರೂ ಅದೇ ಸಾಲಿನ ಕೊನೆಗೆ ಸೇರುತ್ತಾರೆ. ಆದ್ದರಿಂದ ಹಂಚಿದ ಕೆಲಸಕ್ಕೆ ಅದರದೇ ಟೈಮೌಟ್ ಕಡ್ಡಾಯ. ಕರೆದವರ ರದ್ದತಿ ಆ ಕೆಲಸಕ್ಕೆ ತಾಗಲೂ ಬಾರದು. ಮೊದಲು ಕೇಳಿದವರು ಬ್ರೌಸರ್ ಮುಚ್ಚಿಕೊಂಡು ಹೋದರೆಂದು ಜೊತೆಗೆ ಕಾಯುತ್ತಿದ್ದ ಉಳಿದ 399 ಜನರ ಕೆಲಸ ಕೆಡಬಾರದಲ್ಲ. ನೋಡ್‌ನಲ್ಲಿ ಕರೆದವರ ಅಬಾರ್ಟ್ ಸಿಗ್ನಲನ್ನು (ರದ್ದು ಮಾಡು ಎಂಬ ಸೂಚನೆಯನ್ನು) ಡೇಟಾಬೇಸ್ ಕರೆಗೆ ದಾಟಿಸಬೇಡಿ. ಪೈಥಾನ್‌ನಲ್ಲಿ ಟಾಸ್ಕನ್ನು ನೇರವಾಗಿ ಅವೈಟ್ ಮಾಡುತ್ತಿರುವ ಕೊರುಟೀನ್ ರದ್ದಾದರೆ ಆ ಟಾಸ್ಕೂ ರದ್ದಾಗುತ್ತದೆ; ಅಸಿಂಕ್‌ಐಒದ ಶೀಲ್ಡ್ ಒಳಗೆ ಅವೈಟ್ ಮಾಡಿದರೆ ಟಾಸ್ಕ್ ಉಳಿಯುತ್ತದೆ.

ರದ್ದತಿಯನ್ನು ಹಗುರವಾಗಿ ಕಾಣಬಾರದೆಂದು ಒತ್ತಿ ಹೇಳಲು ಕಾರಣವಿದೆ. 2023ರ ಮಾರ್ಚ್ 20ರಂದು ಚಾಟ್‌ಜಿಪಿಟಿಯಲ್ಲಿ ಕೆಲವರಿಗೆ ಬೇರೆಯವರ ಸಂಭಾಷಣೆಗಳ ಶೀರ್ಷಿಕೆಗಳು ಕಾಣಿಸಿದವು. ಓಪನ್‌ಎಐ ಕೊಟ್ಟ ವಿವರಣೆಯಂತೆ, ರೆಡಿಸ್ ಕ್ಯಾಶಿನೊಂದಿಗೆ ಮಾತಾಡಲು ಬಳಸಿದ್ದ ಪೈಥಾನ್ ಲೈಬ್ರರಿಯ ಅಸಿಂಕ್ ಭಾಗದಲ್ಲಿ ದೋಷವಿತ್ತು. ರಿಕ್ವೆಸ್ಟ್ ಕಳಿಸಿದ ಮೇಲೆ, ಉತ್ತರ ಎತ್ತಿಕೊಳ್ಳುವ ಮೊದಲು ಕೆಲಸ ರದ್ದಾದರೆ, ಆ ಉತ್ತರ ಕನೆಕ್ಷನ್ನಿನಲ್ಲೇ ಉಳಿದು, ಅದೇ ಕನೆಕ್ಷನ್ ಬಳಸಿದ ಮುಂದಿನ ಬೇರೊಬ್ಬರಿಗೆ ಸಿಗುತ್ತಿತ್ತು. ಒಂಬತ್ತು ಗಂಟೆಗಳ ಒಂದು ಅವಧಿಯಲ್ಲಿ ಸಕ್ರಿಯರಾಗಿದ್ದ ಪ್ಲಸ್ ಚಂದಾದಾರರಲ್ಲಿ 1.2 ಶೇಕಡಾ ಜನರ ಪಾವತಿಗೆ ಸಂಬಂಧಿಸಿದ ಕೆಲವು ವಿವರಗಳು ಇನ್ನೊಬ್ಬರಿಗೆ ಕಂಡಿರುವ ಸಾಧ್ಯತೆ ಇತ್ತು.

ಒಬ್ಬರದ್ದು ಇನ್ನೊಬ್ಬರಿಗೆ ಹೋಗುವುದು ಕೀ ತಪ್ಪಾದರೂ ಆಗುತ್ತದೆ, ಅದಕ್ಕೆ ಲೈಬ್ರರಿಯ ದೋಷವೇನೂ ಬೇಡ. ಉತ್ತರವನ್ನು ಬದಲಿಸಬಲ್ಲ ಪ್ರತಿಯೊಂದೂ ಕೀಯಲ್ಲಿರಬೇಕು. ನಿಮ್ಮ ಫಂಕ್ಷನ್ ಐಡಿ ಮಾತ್ರ ತೆಗೆದುಕೊಳ್ಳುತ್ತದೆ ಎಂದಿರಿ. ಆದರೆ ಒಳಗೆ ಅದು ಲಾಗಿನ್ ಆದವರ ಅನುಮತಿ ನೋಡಿ ಕೆಲವು ಕಾಲಂಗಳನ್ನು ಮರೆಮಾಡುತ್ತದೆಯೇ, ಭಾಷೆ ನೋಡಿ ಹೆಸರು ಬದಲಿಸುತ್ತದೆಯೇ? ಹಾಗಿದ್ದರೆ ಮೊದಲು ಕೇಳಿದವರ ಅನುಮತಿಯೇ ಎಲ್ಲರಿಗೂ ಅನ್ವಯವಾಗುತ್ತದೆ. ನಾನಾದರೆ ಅನುಮತಿಯ ಪರೀಕ್ಷೆಯನ್ನು ಕ್ಯಾಶಿನ ಹೊರಗೆ ತರುತ್ತೇನೆ: ಎಲ್ಲರಿಗೂ ಒಂದೇ ಆಗಿರುವ ಕಚ್ಚಾ ವಿವರ ಕ್ಯಾಶ್‌ನಲ್ಲಿ, ಯಾರಿಗೆ ಎಷ್ಟು ತೋರಿಸಬೇಕೆಂಬುದು ಪ್ರತಿ ರಿಕ್ವೆಸ್ಟಿನಲ್ಲಿ.

ಚಿಕ್ಕದಾದರೂ ಹೇಳಲೇಬೇಕಾದ ಒಂದೆರಡು ಮಾತು. ಮ್ಯಾಪಿಗೆ ಮಿತಿ ಇಡಿ. ನಾವಾಗಿ ತೆಗೆಯದೆ ಅದು ಏನನ್ನೂ ಬಿಡುವುದಿಲ್ಲ, ಮೆಮೊರಿ ಬೆಳೆಯುತ್ತಲೇ ಹೋಗುತ್ತದೆ. ಪೈಥಾನ್‌ನ ಎಲ್‌ಆರ್‌ಯು ಕ್ಯಾಶಿಗೆ ಏನೂ ಹೇಳದಿದ್ದರೆ 128 ಉತ್ತರಗಳ ಮಿತಿ ತಾನಾಗಿ ಇರುತ್ತದೆ, ಜಾವಾಸ್ಕ್ರಿಪ್ಟ್‌ನ ಮ್ಯಾಪಿಗೆ ಅಂಥದ್ದಿಲ್ಲ. ಕ್ಯಾಶ್‌ನಿಂದ ಎಲ್ಲರಿಗೂ ಸಿಗುವುದು ಒಂದೇ ಆಬ್ಜೆಕ್ಟ್ ಆದ್ದರಿಂದ ಒಬ್ಬರು ಅದರಲ್ಲಿ ಏನಾದರೂ ತಿದ್ದಿದರೆ ಎಲ್ಲರಿಗೂ ತಿದ್ದಿದಂತೆ, ಫ್ರೀಜ್ ಮಾಡಿ ಕೊಡಿ. ಡೇಟಾಬೇಸಿನ ಬದಲು ಫೆಚ್ ಬಳಸುವ ಫಂಕ್ಷನ್ನನ್ನು ಕ್ಯಾಶ್ ಮಾಡುವುದಾದರೆ ಅದು ಕೊಡುವ ರೆಸ್ಪಾನ್ಸನ್ನೇ ಇಡಬೇಡಿ. ಅದರ ಬಾಡಿಯನ್ನು ಒಂದೇ ಸಲ ಓದಬಹುದು, ಎರಡನೆಯವರಿಗೆ ಎರರ್ ಬರುತ್ತದೆ. ಜೇಸನ್ ಆಗಿ ಬಿಡಿಸಿದ ಮೇಲಿನ ಪ್ರಾಮಿಸನ್ನು ಇಡಿ.

ಕೊನೆಯದಾಗಿ ಟೆಸ್ಟ್. ಟೈಮರ್ ಹಾಕಿ ನಿದ್ದೆ ಮಾಡಿಸುವ ಟೆಸ್ಟ್ ಬರೆಯಬೇಡಿ, ಒಮ್ಮೆ ಪಾಸಾಗಿ ಒಮ್ಮೆ ಫೇಲಾಗುತ್ತದೆ. ಡೇಟಾಬೇಸ್ ಫಂಕ್ಷನ್ನಿನ ಜಾಗದಲ್ಲಿ ಒಂದು ನಕಲಿ ಫಂಕ್ಷನ್ ಇಡಿ: ಎಷ್ಟು ಸಲ ಕರೆದರೆಂದು ಎಣಿಸಬೇಕು, ತನ್ನ ಪ್ರಾಮಿಸನ್ನು ಗೆಲ್ಲಿಸುವ ಸೋಲಿಸುವ ಕೀಲಿಯನ್ನು ಟೆಸ್ಟಿನ ಕೈಗೆ ಕೊಡಬೇಕು. ಅವೈಟ್ ಮಾಡದೆ ಒಂದೇ ಐಡಿಯನ್ನು 100 ಸಲ ಕೇಳಿ, ಎಣಿಕೆ 1 ಇರಬೇಕು. ಆಮೇಲೆ ಸೋಲಿಸಿ. 100 ಜನರಿಗೂ ಎರರ್ ಮುಟ್ಟಬೇಕು, ಪ್ರೊಸೆಸ್ ಬೀಳಬಾರದು, ಸೋಲನ್ನು ನೆನಪಿಡುವ ಆ ಎರಡು ಸೆಕೆಂಡನ್ನು ನಕಲಿ ಗಡಿಯಾರದಲ್ಲಿ ದಾಟಿಸಿ ಇನ್ನೊಮ್ಮೆ ಕೇಳಿದರೆ ಎಣಿಕೆ 2 ಆಗಬೇಕು. ಈ ಎರಡನೆಯ ಕೆಲಸ ಕೈಯಲ್ಲಿರುವಾಗಲೇ ಕೀ ಅಳಿಸಿ ಮತ್ತೆ ಕೇಳಿ, ಎಣಿಕೆ 3. ಈಗ ಮೂರನೆಯದನ್ನು ಮೊದಲು ಗೆಲ್ಲಿಸಿ, ಎರಡನೆಯದನ್ನು ಹಳೆಯ ಮೌಲ್ಯದೊಂದಿಗೆ ಆಮೇಲೆ ಗೆಲ್ಲಿಸಿ, ಕ್ಯಾಶನ್ನು ಕೇಳಿ ನೋಡಿ. ಮೂರನೆಯದರ ಮೌಲ್ಯವೇ ಬರಬೇಕು. ಈ ಟೆಸ್ಟನ್ನು ನಿಮ್ಮ ಈಗಿನ ಕೋಡಿನ ಮೇಲೆ ಓಡಿಸಿದರೆ ಮೊದಲ ಎಣಿಕೆಯಲ್ಲೇ 1ರ ಬದಲು 100 ಕಾಣುತ್ತದೆ. ಅಲ್ಲಿಂದ ಶುರು ಮಾಡಿ.